ಬೆಳಗಾವಿ–ಖಾನಾಪುರ ಪರಿಸರದ ಜೈನ ಮುನಿನೆಲೆಗಳು: ಅವಶೇಷ ಮತ್ತು ಶಾಸನ

ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯನ್ನೂ ಖಾನಾಪುರ ತಾಲೂಕಿನ ಹಲಸಿಯ ಪ್ರಾಚೀನ ಕಟ್ಟಡಗಳನ್ನೂ ವಾಸ್ತುಶಿಲ್ಪದ ದೃಷ್ಟಿಯಿಂದ ನೋಡುವುದೇ ಹೆಚ್ಚು. ಗರ್ಭಗೃಹ, ನವರಂಗ, ಭುವನೇಶ್ವರಿಗಳ ವರ್ಣನೆಯೊಡನೆ ಅಧ್ಯಯನ ಮುಗಿದುಬಿಡುವುದುಂಟು. ಆದರೆ ‘ಬಸದಿ’ ಎಂಬುದು ‘ವಸತಿ’ ಶಬ್ದದ ತದ್ಭವ. ಅದು ದೇವರ ಮನೆಯಾಗಿದ್ದಂತೆ ಮುನಿಸಂಘಕ್ಕೆ ಆಶ್ರಯಸ್ಥಾನವೂ ಆಗಿದ್ದಿತು. ಕಲ್ಲಿನ ಗುಡಿ ಉಳಿದು ವಾಸದ ನೆಲೆ ಅಳಿದಿರುವ ಕಡೆಗಳಲ್ಲಿ ಈ ಎರಡನೆಯ ಮುಖವನ್ನು ಅರಿಯಲು ಶಾಸನಗಳೇ ಆಧಾರ.

ಹಲಸಿಯು ಕದಂಬರ ಕಾಲದ ಪಲಾಶಿಕಾ. ಊರಿನಿಂದ ನಂದಗಡಕ್ಕೆ ಹೋಗುವ ದಾರಿಯಲ್ಲಿ ಚಕ್ರತೀರ್ಥವೆಂಬ ಬಾವಿಯ ಬಳಿಯ ಮಣ್ಣಿನ ದಿಬ್ಬದಲ್ಲಿ ದೊರೆತ ತಾಮ್ರಪಟಗಳನ್ನು ಜೆ.ಎಫ್. ಫ್ಲೀಟರು 1877ರಲ್ಲಿ ಪ್ರಕಟಿಸಿದರು. ಮೃಗೇಶವರ್ಮನು ತನ್ನ ತಂದೆ ಶಾಂತಿವರ್ಮನ ಸ್ಮರಣಾರ್ಥವಾಗಿ ಇಲ್ಲಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ ಮತ್ತು ಕೂರ್ಚಕ ಸಂಘಗಳಿಗೆ 33 ನಿವರ್ತನ ಭೂಮಿಯನ್ನು ದತ್ತಿ ಬಿಟ್ಟನೆಂದು ಇವುಗಳಲ್ಲಿ ಒಂದು ತಿಳಿಸುತ್ತದೆ. ಮೂರು ಭಿನ್ನ ಸಂಘಗಳು ಒಂದೇ ದತ್ತಿಯ ಫಲಾನುಭವಿಗಳಾಗಿದ್ದುದು ಗಮನಾರ್ಹ. ಮುನಿಜೀವನದ ಕ್ರಮವು ರವಿವರ್ಮನ ಶಾಸನದಲ್ಲಿ ಇನ್ನೂ ಸ್ಪಷ್ಟವಾಗಿದೆ: ಗ್ರಾಮದ ಉತ್ಪನ್ನದಿಂದ ಪ್ರತಿವರ್ಷ ಕಾರ್ತಿಕದಲ್ಲಿ ಎಂಟು ದಿನಗಳ ಜಿನೋತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ತಪಸ್ವಿಗಳ ಪೋಷಣೆಯಾಗಬೇಕು. ಸಂಚಾರಿಗಳಾದ ಮುನಿಗಳು ಚಾತುರ್ಮಾಸ್ಯದಲ್ಲಿ ಒಂದೆಡೆ ನಿಲ್ಲುವ ನಿಯಮಕ್ಕೆ ಇದು ಅನುಗುಣವಾಗಿದೆ. ಹರಿವರ್ಮನು ಸಿಂಹ ಸೇನಾಪತಿಯ ಮಗ ಮೃಗೇಶನು ಕಟ್ಟಿಸಿದ ಬಸದಿಗೆ ಗ್ರಾಮವನ್ನು ನೀಡಿ, ವಾರಿಷೇಣಾಚಾರ್ಯರ ಪರಂಪರೆಯ ಕೂರ್ಚಕರಿಗೆ ಒಪ್ಪಿಸಿದನು. ಆದ್ದರಿಂದ ಪಲಾಶಿಕೆಯಲ್ಲಿ ಒಂದಕ್ಕಿಂತ ಹೆಚ್ಚು ಜಿನಾಲಯಗಳಿದ್ದುದು ಖಚಿತ. ಇಂದು ಹಲಸಿಗೆ ಬರುವವರ ಗಮನವೆಲ್ಲ ಗೋವೆಯ ಕದಂಬರ ಕಾಲದ ಭೂವರಾಹ ನರಸಿಂಹ ದೇವಾಲಯದ ಮೇಲೆ. ಊರಿನ ಪಾಳುಬಸದಿಯನ್ನು ಮೃಗೇಶವರ್ಮನ ಕಟ್ಟಡವೆಂದು ಹೆಸರಿನ ಬಲದಿಂದಲೇ ನಿರ್ಧರಿಸಲಾಗದು.

ಪಲಾಶಿಕೆಯ ಈ ವ್ಯವಸ್ಥೆಗೆ ಸುಮಾರು ಏಳು ಶತಮಾನಗಳ ಅನಂತರದ ರೂಪವು ಬೆಳಗಾವಿಯಲ್ಲಿ ಕಾಣುತ್ತದೆ. ಆಗ ಇದು ವೇಣುಗ್ರಾಮ. ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು ರಟ್ಟ ಜಿನಾಲಯವನ್ನು ಕಟ್ಟಿಸಿದನು. ಶಕವರ್ಷ 1127ರ, ಅಂದರೆ ಕ್ರಿ.ಶ. 1204ರ, ಶಾಸನಗಳ ಪ್ರಕಾರ ದತ್ತಿಯನ್ನು ಪಡೆದವರು ಶುಭಚಂದ್ರ ಭಟ್ಟಾರಕರು. ಅರಸನ ಭೂದಾನದೊಂದಿಗೆ ವರ್ತಕ ಸಮುದಾಯಗಳು ತಮ್ಮ ಸರಕುಗಳ ಮೇಲಿನ ಆಯವನ್ನೂ ಬಿಟ್ಟುಕೊಟ್ಟವು. ಪಲಾಶಿಕೆಯಲ್ಲಿ ಹೊಲಗದ್ದೆಗಳನ್ನು ಅವಲಂಬಿಸಿದ್ದ ಮುನಿನೆಲೆಯು ಇಲ್ಲಿ ಪೇಟೆಯ ವ್ಯಾಪಾರವನ್ನೂ ಆಧರಿಸಿತ್ತು. ಋತುಮಾನಕ್ಕೆ ಸೀಮಿತವಾದ ಪೋಷಣೆಯ ಜೊತೆಗೆ ಭಟ್ಟಾರಕರ ಸ್ಥಿರವಾದ ಅಧಿಕಾರವೂ ಬೆಳೆದುಬಂದಿತ್ತು. ತೂಗುವ ಕಮಲದಂತಿರುವ ಮೇಲ್ಛಾವಣಿಯಿಂದ ಕಮಲ ಬಸದಿಯೆಂಬ ಹೆಸರು ರೂಢಿಗೆ ಬಂದು, ಜಿನಾಲಯವು ರಾಜವಂಶದೊಡನೆ ಹೊಂದಿದ್ದ ಸಂಬಂಧವು ಜನರ ನೆನಪಿನಿಂದ ಮರೆಯಾಯಿತು.

ರಟ್ಟ ಜಿನಾಲಯದ ಆ ಎರಡು ಶಿಲಾಶಾಸನಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸೇರಿದವು, ಅಲ್ಲಿಯೇ ಎಲ್.ಡಿ. ಬಾರ್ನೆಟ್ಟರು ಅವುಗಳನ್ನು ಸಂಪಾದಿಸಿದರು. ಹೀಗೆ ಬೆಳಗಾವಿಯಲ್ಲಿ ಕಟ್ಟಡವಿದ್ದು ಅದರ ಶಾಸನ ದೂರವಾಗಿದೆ. ಹಲಸಿಯಲ್ಲಿ ಶಾಸನ ದೊರೆತೂ ಕಟ್ಟಡದ ಗುರುತು ಮಾಸಿದೆ. ಇವೆರಡನ್ನೂ ಜೊತೆಯಾಗಿ ಓದಿದಾಗ ಮಾತ್ರ ಮುನಿಗಳ ವಾಸ, ಆಹಾರ, ಆದಾಯಗಳ ಚಿತ್ರ ಪೂರ್ಣಗೊಳ್ಳುತ್ತದೆ. ಆದುದರಿಂದ ಸಂರಕ್ಷಣೆಯು ಗುಡಿಯ ಗೋಡೆಗೆ ನಿಲ್ಲಬಾರದು. ಚಕ್ರತೀರ್ಥದಂತಹ ಶೋಧಸ್ಥಳಗಳಿಗೂ ಅದು ವಿಸ್ತರಿಸಬೇಕು. ಬಸದಿಗಳ ಬಳಿ ಶಾಸನಪಾಠವನ್ನೂ ಅದರ ಹೊಸಗನ್ನಡ ಅನುವಾದವನ್ನೂ ಇರಿಸುವುದು ಅಗತ್ಯ. ಅದಾದರೆ ಬಂದವರಿಗೆ ಗುಡಿಯೊಡನೆ ಅದನ್ನು ಬಾಳಿಸಿದ ವ್ಯವಸ್ಥೆಯೂ ಗೋಚರಿಸೀತು.