ಪುಟಗಳ ಖಾತೆ: ಲಿನಕ್ಸ್ ಕರ್ನೆಲಿನ ಪ್ರಾರಂಭಕಾಲದ ಒಂದು ಕಾರ್ಯ

ಗಣಕಯಂತ್ರದ ಸ್ಮೃತಿಕೋಶವನ್ನು, ಎಂದರೆ ವಾಡಿಕೆಯಲ್ಲಿ ಮೆಮೊರಿ ಎನಿಸಿಕೊಳ್ಳುವ ಭಾಗವನ್ನು, ಆಳುವ ಅಧಿಕಾರವು ಕರ್ನೆಲಿಗೆ ಸೇರಿದುದು. ಕರ್ನೆಲ್ ಎಂಬುದು ಕಾರ್ಯನಿರ್ವಹಣ ವ್ಯವಸ್ಥೆಯ ತಿರುಳು. ಯಂತ್ರದಲ್ಲಿ ನಡೆಯುವ ಉಳಿದ ಕಾರ್ಯಕ್ರಮಗಳೆಲ್ಲವೂ ತಮಗೆ ಬೇಕಾದ ಸ್ಥಳವನ್ನು ಅದರಿಂದಲೇ ಬೇಡಿ ಪಡೆಯತಕ್ಕವು. ಈ ಹಂಚಿಕೆಗೆ ಅನುಕೂಲವಾಗಲೆಂದು ಸ್ಮೃತಿಕೋಶವನ್ನು ಸಮಪ್ರಮಾಣದ ತುಂಡುಗಳಾಗಿ ವಿಭಾಗಿಸಿರುತ್ತದೆ. ಒಂದೊಂದು ತುಂಡಿಗೂ ಪುಟವೆಂದು ಹೆಸರು. ಹೆಚ್ಚಿನ ಯಂತ್ರಗಳಲ್ಲಿ ಅದರ ಅಳತೆ 4096 ಬೈಟುಗಳು. ಹೆಸರು ಗ್ರಂಥದಿಂದ ಬಂದುದಾದರೂ ಇಲ್ಲಿ ಬರೆಹಕ್ಕಿಂತ ಒಡೆತನವೇ ಮುಖ್ಯ. ಯಾವ ಪುಟವು ಯಾರ ವಶದಲ್ಲಿದೆ, ಎಷ್ಟು ಮಂದಿ ಅದನ್ನು ಹಿಡಿದಿರುವರು, ಯಾವುದು ಬರಿದಾಗಿದೆ ಎಂಬುದನ್ನು ಕರ್ನೆಲ್ ಸದಾ ಅರಿತಿರಬೇಕು. ಆದುದರಿಂದ ಪುಟಕ್ಕೊಂದರಂತೆ ಖಾತೆಯನ್ನು ಇಟ್ಟಿರುತ್ತದೆ. ಲಿನಕ್ಸ್ ಕರ್ನೆಲಿನಲ್ಲಿ ಈ ಖಾತೆಗೆ ‘ಸ್ಟ್ರಕ್ಟ್ ಪೇಜ್’ ಎಂದೂ ಖಾತೆಗಳ ಸಾಲಿಗೆ ‘ಮೆಮ್‌ಮ್ಯಾಪ್’ ಎಂದೂ ಹೆಸರು. ಯಂತ್ರವು ಎಚ್ಚರಗೊಳ್ಳುವಾಗ ಈ ಖಾತೆಗಳು ಹುಟ್ಟುವ ಬಗೆಯೇ ಪ್ರಸ್ತುತ ವಿಷಯ.

ಮೊದಲ ಹೆಜ್ಜೆಯಲ್ಲಿಯೇ ಒಂದು ತೊಡಕು ಕಾಣುವುದು. ಖಾತೆಗಳನ್ನು ಬರೆಯಲು ಸ್ಥಳ ಬೇಕು; ಸ್ಥಳವನ್ನು ಹಂಚಬೇಕಾದರೆ ಖಾತೆಗಳು ಇರಬೇಕು. ನೈಯಾಯಿಕರು ಇದನ್ನು ಅನ್ಯೋನ್ಯಾಶ್ರಯವೆಂದು ಕರೆಯುವರು. ವಾದದಲ್ಲಾದರೆ ದೋಷವನ್ನು ತೋರಿಸಿ ಎದುರಾಳಿಯನ್ನು ನಿಲ್ಲಿಸಿಬಿಡಬಹುದು; ಯಂತ್ರವನ್ನಾದರೋ ನಡೆಸಿಯೇ ತೀರಬೇಕು. ಲಿನಕ್ಸ್ ಇದಕ್ಕೆ ಕಂಡುಕೊಂಡಿರುವ ಪರಿಹಾರವೇ ‘ಮೆಮ್‌ಬ್ಲಾಕ್’ ಎಂಬ ತಾತ್ಕಾಲಿಕ ಹಂಚಿಕೆದಾರ. ಇದಕ್ಕೆ ಪುಟಗಳ ಅರಿವೇ ಇಲ್ಲ. ಇದರ ಬಳಿ ಇರುವುದು ಎರಡು ಪಟ್ಟಿಗಳು ಮಾತ್ರ: ಯಂತ್ರದಲ್ಲಿ ಎಲ್ಲಿಂದ ಎಲ್ಲಿಯವರೆಗೆ ಸ್ಮೃತಿಯಿದೆ ಎಂಬುದೊಂದು, ಅದರಲ್ಲಿ ಯಾವ ಯಾವ ಭಾಗವು ಈಗಾಗಲೇ ಕಾದಿರಿಸಲ್ಪಟ್ಟಿದೆ ಎಂಬುದಿನ್ನೊಂದು. ಸಾಮಾನ್ಯ ಇಂಟೆಲ್ ಜಾತಿಯ ಯಂತ್ರಗಳಲ್ಲಿ ಮೊದಲನೆಯದಕ್ಕೆ ಬೇಕಾದ ವಿವರವು ಯಂತ್ರದೊಡನೆ ಬರುವ ಫರ್ಮ್‌ವೇರಿನಿಂದ ದೊರೆಯುವುದು. ಪಟ್ಟಿಗಳ ಮೊದಲ ಸಾಲುಗಳಿಗೆ, ಒಂದೊಂದಕ್ಕೂ ಸಾಮಾನ್ಯವಾಗಿ 128ರಂತೆ, ಕರ್ನೆಲಿನ ಶರೀರದಲ್ಲಿಯೇ ಸ್ಥಳವನ್ನು ಬಿಟ್ಟಿರುತ್ತದೆ. ಕರ್ನೆಲ್ ಸ್ಮೃತಿಗೆ ಬಂದೊಡನೆ ಪಟ್ಟಿಗಳೂ ಬಂದಂತಾಯಿತು. ಅವಕ್ಕಾಗಿ ಯಾರನ್ನೂ ಬೇಡಬೇಕಾಗಿಲ್ಲ. ಚಕ್ರವು ಮುರಿಯುವುದು ಈ ಸ್ಥಳದಲ್ಲಿ. ಮೆಮ್‌ಬ್ಲಾಕ್ ತನ್ನ ಪಟ್ಟಿಯನ್ನು ನೋಡಿ ಖಾತೆಗಳಿಗೆ ಸ್ಥಳವನ್ನು ಕೊಡುವುದು, ಹಾಗೆ ಕೊಟ್ಟುದನ್ನು ಎರಡನೆಯ ಪಟ್ಟಿಯಲ್ಲಿ ಬರೆದುಕೊಳ್ಳುವುದು.

ಖಾತೆಯಲ್ಲಿ ಮೊದಲು ಏನನ್ನು ಬರೆಯತಕ್ಕದ್ದು? ಇದಕ್ಕೆ ಉತ್ತರವು ಹಳೆಯದರಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುವುದು. ಲೈನಸ್ ಟೋರ್ವಾಲ್ಡ್ಸರು 1991ರ ಡಿಸೆಂಬರಿನಲ್ಲಿ ಹೊರತಂದ ಲಿನಕ್ಸ್ 0.11ರಲ್ಲಿ ಖಾತೆಯೆಂದರೆ ಒಂದೇ ಒಂದು ಬೈಟು. ಮೊದಲ ಮೆಗಾಬೈಟನ್ನು ಬಿಟ್ಟು ಅದರ ಮೇಲಿನ 15 ಮೆಗಾಬೈಟುಗಳಿಗೆ 3840 ಖಾತೆಗಳಿದ್ದುವು. ಪ್ರಾರಂಭದಲ್ಲಿ ಅವೆಲ್ಲಕ್ಕೂ 100 ಎಂಬ ಅಂಕವನ್ನು ಬರೆಯಲಾಗುತ್ತಿದ್ದಿತು. ಅದರ ಅರ್ಥ ‘ಉಪಯೋಗದಲ್ಲಿದೆ’ ಎಂದು. ಆಮೇಲೆ, ನಿಜವಾಗಿ ಬರಿದಾಗಿರುವ ಪುಟಗಳಿಗೆ ಮಾತ್ರ ಸೊನ್ನೆಯನ್ನು ಬರೆಯುವುದು. ಈ ಕ್ರಮವನ್ನು ಗಮನಿಸಬೇಕು. ಎಲ್ಲವೂ ಬರಿದು ಎಂದು ಮೊದಲು ಮಾಡಿ, ಅನಂತರ ತುಂಬಿದವನ್ನು ಗುರುತಿಸುತ್ತ ಹೋದರೆ, ಗುರುತಿಸಲು ಮರೆತ ಒಂದು ಪುಟವು ಇನ್ನೊಬ್ಬರ ಪಾಲಾಗಿ ಕರ್ನೆಲಿನ ಶರೀರವೇ ಅಳಿಸಿಹೋದೀತು. ತುಂಬಿದೆ ಎಂದು ಮೊದಲು ಮಾಡಿದರೆ ಮರೆವಿನಿಂದಾಗುವ ನಷ್ಟವು ಒಂದು ಪುಟದ ಸ್ಥಳ ಮಾತ್ರ.

ಈಗಿನ ಖಾತೆಯು 64 ಬಿಟ್ಟಿನ ಯಂತ್ರಗಳಲ್ಲಿ ಸಾಮಾನ್ಯವಾಗಿ 64 ಬೈಟುಗಳಷ್ಟು ದೊಡ್ಡದು. ಆದರೆ ಕ್ರಮವು ಅದೇ. ಪ್ರತಿಯೊಂದು ಖಾತೆಯಲ್ಲಿಯೂ ಆ ಪುಟವು ಯಾವ ‘ನೋಡ್’ ಎಂಬ ಸ್ಮೃತಿಸಮುದಾಯಕ್ಕೆ, ಯಾವ ವಲಯಕ್ಕೆ ಸೇರಿದುದೆಂದು ಬರೆದು, ಹಿಡಿದಿರುವವರ ಸಂಖ್ಯೆಯನ್ನು 1 ಎಂದು ಇಡುವರು. ಹಿಡಿದವರು ಯಾರೂ ಇಲ್ಲದಿದ್ದರೂ ಒಂದು! ಎಂದರೆ ಪುಟವು ತುಂಬಿದೆಯೆಂದೇ ಭಾವನೆ. ಕೊನೆಯಲ್ಲಿ ಮೆಮ್‌ಬ್ಲಾಕ್ ತನ್ನ ಪಟ್ಟಿಯಂತೆ ಬರಿದಾದ ಪುಟಗಳನ್ನು ಶಾಶ್ವತ ಹಂಚಿಕೆದಾರನಿಗೆ ಒಪ್ಪಿಸುವಾಗ ಆ ಒಂದು ಸೊನ್ನೆಯಾಗುವುದು. ಕರ್ನೆಲಿನ ಶರೀರವೂ ಮೆಮ್‌ಮ್ಯಾಪ್ ಇರುವ ಪುಟಗಳೂ ಕಾದಿರಿಸಿದವೆಂಬ ಗುರುತಿನೊಡನೆ ಉಳಿಯುವುವು. ಖಾತೆಪಟ್ಟಿಯು ತಾನಿರುವ ಪುಟಗಳ ಖಾತೆಯನ್ನೂ ಒಳಗೊಂಡಿರುವುದೆಂಬುದು ಇಲ್ಲಿಯ ಒಂದು ಸ್ವಾರಸ್ಯ.

ಇಷ್ಟೆಲ್ಲ ಬರೆಯುವುದೇಕೆ, ಖಾತೆಗಳನ್ನು ಸೊನ್ನೆಯಿಂದ ಒರಸಿಟ್ಟರೆ ಸಾಲದೆ ಎಂಬ ಶಂಕೆಯು ಹುಟ್ಟಬಹುದು. ಸಾಲದು, ಏಕೆಂದರೆ ಇಲ್ಲಿ ಸೊನ್ನೆಯು ಮೌನವಲ್ಲ, ಅದೂ ಒಂದು ಹೇಳಿಕೆ. ನೋಡ್‌ಗಳ ಮತ್ತು ವಲಯಗಳ ಎಣಿಕೆಯು ಸೊನ್ನೆಯಿಂದಲೇ ತೊಡಗುವುದರಿಂದ, ಒರಸಿಟ್ಟ ಖಾತೆಯು ‘ಈ ಪುಟವು ಸೊನ್ನೆಯ ನೋಡ್‌ನ ಸೊನ್ನೆಯ ವಲಯಕ್ಕೆ ಸೇರಿದುದು’ ಎಂದು ಓದಿಕೊಳ್ಳುವುದು. ಇದು ಬರಿಯ ತರ್ಕವಲ್ಲ. ಸ್ಮೃತಿಯೇ ಇಲ್ಲದ ಎಡೆಗಳಿಗೂ ಸಾಲು ತುಂಬಲೆಂದು ಖಾತೆಗಳಿರುವುದುಂಟು. ಅಂತಹವನ್ನು ಸೊನ್ನೆಯಾಗಿ ಬಿಟ್ಟಿದ್ದರಿಂದ, ಪುಟಗಳನ್ನು ಒತ್ತಟ್ಟಿಗೆ ಸರಿಸುವ ಭಾಗವು ಅವನ್ನು ನಂಬಿ ಎಡವಿತು. 2021ರಲ್ಲಿ ಅವಕ್ಕೂ ಸುತ್ತಣ ನೋಡ್ ವಲಯಗಳನ್ನೇ ಬರೆಯುವಂತೆ ತಿದ್ದಲಾಯಿತು. ದೋಷಪರೀಕ್ಷೆಗೆಂದು ಕಟ್ಟಿದ ಕರ್ನೆಲುಗಳಲ್ಲಿ ಇನ್ನೊಂದು ಉಪಾಯವಿದೆ: ಖಾತೆಗಳ ಸ್ಥಳವನ್ನೆಲ್ಲ ಮೊದಲು ಒಂದರ ಅಂಕೆಗಳಿಂದ ತುಂಬಿಬಿಡುವುದು. ಬರೆಯದ ಖಾತೆಯನ್ನು ಯಾರಾದರೂ ಓದಿದರೆ ಆ ಅಸಂಭವವಾದ ರೂಪವೇ ತಪ್ಪನ್ನು ಹೊರಗೆಡಹುವುದು.

ಇನ್ನು ಕಾಲದ ವಿಚಾರ. 4096ಕ್ಕೆ 64 ಎಂದರೆ ಸ್ಮೃತಿಯ 64ರಲ್ಲಿ ಒಂದು ಭಾಗವು ಖಾತೆಗೇ ವೆಚ್ಚವಾಗುವುದು. ಒಂದು ಟೆರಾಬೈಟಿಗೆ 16 ಗಿಗಾಬೈಟು. 24 ಟೆರಾಬೈಟುಗಳ ಮಹಾಯಂತ್ರಕ್ಕೆ 384 ಗಿಗಾಬೈಟು, ಸುಮಾರು 644 ಕೋಟಿ ಖಾತೆಗಳು. ಇವನ್ನು ಮೊದಲು ಎಚ್ಚರಗೊಂಡ ಒಂದೇ ಸಂಸ್ಕಾರಕವು ಒಂದಾದಮೇಲೊಂದರಂತೆ ಬರೆಯಬೇಕಾಗಿದ್ದಿತು. ಉಳಿದ ನೂರಾರು ಸಂಸ್ಕಾರಕಗಳು ಆಗ ನಿದ್ರೆಯಲ್ಲಿಯೇ ಇರುತ್ತಿದ್ದುವು. 2015ರಲ್ಲಿ ಮೆಲ್ ಗೋರ್ಮನ್ನರು ಈ ಕೆಲಸವನ್ನು ಮುಂದಕ್ಕೆ ಹಾಕುವ ಕ್ರಮವನ್ನು ತಂದರು. ಪ್ರಾರಂಭಕ್ಕೆ ಬೇಕಾದಷ್ಟು ಖಾತೆಗಳನ್ನು ಮಾತ್ರ ಮೊದಲು ಬರೆದು, ಉಳಿದುವನ್ನು ಇತರ ಸಂಸ್ಕಾರಕಗಳು ಎದ್ದಮೇಲೆ ನೋಡ್‌ಗೊಂದು ಕೈಯಂತೆ ಏಕಕಾಲದಲ್ಲಿ ಬರೆಯಿಸುವುದು ಇದರ ಸಾರಾಂಶ.

ಆದರೆ ಮುಂದಕ್ಕೆ ಹಾಕುವುದರಲ್ಲಿ ಎಷ್ಟು ಮುಂದಕ್ಕೆ ಎಂಬುದೇ ಪ್ರಶ್ನೆ. ಮೊದಲ ರೂಪದಲ್ಲಿ ಅದು ಮಿತಿಮೀರಿತು. ಖಾತೆಯಿಲ್ಲದ ಪುಟವು ಇದ್ದೂ ಇಲ್ಲದಂತೆಯೇ ಸರಿ. ಆದುದರಿಂದ 24 ಟೆರಾಬೈಟುಗಳ ಯಂತ್ರಗಳು, ಅಷ್ಟೊಂದು ಸಂಪತ್ತನ್ನು ಇಟ್ಟುಕೊಂಡು, ಪ್ರಾರಂಭದ ಸಿದ್ಧತೆಗಳಿಗೇ ಸ್ಥಳ ಸಾಲದೆ ನಿಂತುಹೋದುವೆಂದು ವರದಿ ಬಂದಿತು. ಬೇಕೆಂದಾಗ ಖಾತೆಯನ್ನು ಬರೆದುಕೊಳ್ಳುವ ಮಾರ್ಗವೂ ಆಗ ಆಲೋಚನೆಗೆ ಬಂದಿದ್ದಿತು; ಹಂಚಿಕೆಯ ದಾರಿಗೆ ಅದು ಅಡ್ಡಬರುವುದೆಂದು ಕೈಬಿಡಲಾಯಿತು. ಬದಲಾಗಿ, ಆ ಸಿದ್ಧತೆಗಳಿಗೆ ಮೊದಲೇ ಖಾತೆಗಳೆಲ್ಲ ಮುಗಿಯಲೆಂದು ಕರ್ನೆಲ್ ಕಾಯುವಂತೆ ಮಾಡಿದರು. ಸ್ವಲ್ಪ ವೇಗವನ್ನು ಬಿಟ್ಟುಕೊಟ್ಟು ಸರಳತೆಯನ್ನು ಪಡೆದ ಈ ನಿರ್ಣಯವು ಉಚಿತವಾದುದೇ. ಕೈಬಿಟ್ಟ ಮಾರ್ಗವು 2018ರಲ್ಲಿ ಬೇರೆ ರೂಪದಿಂದ ಮರಳಿತು: ಕಾಯುವ ಘಟ್ಟಕ್ಕೂ ಮೊದಲು ಸ್ಥಳ ತೀರಿದಲ್ಲಿ, ಆ ವಲಯದ ಇನ್ನೊಂದು ಖಂಡದ ಖಾತೆಗಳನ್ನು ಆಗಲೇ ಬರೆದುಕೊಂಡು ಮುಂದುವರಿಯುವುದು. ಇಂಟೆಲ್ ಜಾತಿಯ 64 ಬಿಟ್ಟಿನ ಯಂತ್ರಗಳಲ್ಲಿ ಆ ಖಂಡವು ಸಾಮಾನ್ಯವಾಗಿ 128 ಮೆಗಾಬೈಟು. ಅದಕ್ಕೆ 32,768 ಖಾತೆಗಳು.