ಗುಳೆ ಸೀಮೆಯ ನಲಿ-ಕಲಿ ಕೋಣೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವುದು ಈ ಐದು ತಾಲ್ಲೂಕುಗಳೇ. ಹಂಪಿಯಿಂದಾಗಿ ಹೊಸಪೇಟೆ ಎಲ್ಲರಿಗೂ ಗೊತ್ತು. ಉಳಿದ ಐದರ ಸುದ್ದಿ ದೊಡ್ಡದಾಗಿ ಬರುವುದು ಮೈಲಾರದ ಕಾರಣಿಕ, ಕೊಟ್ಟೂರೇಶ್ವರನ ತೇರು ಅಥವಾ ಬರಗಾಲದ ಹೊತ್ತಿಗೆ. ಇಲ್ಲಿನ ತಾಂಡಾ, ಹಟ್ಟಿ, ಸಣ್ಣ ಹಳ್ಳಿಗಳ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳು ಸುದ್ದಿಯಾಗುವುದು ಅಪರೂಪ. ಒಂದರಿಂದ ಐದನೇ ತರಗತಿ, ಒಂದೆರಡು ಕೋಣೆ, ಒಬ್ಬಿಬ್ಬರು ಶಿಕ್ಷಕರು, ಪಕ್ಕದಲ್ಲಿ ಬಿಸಿಯೂಟದ ಅಡುಗೆ ಮನೆ: ಇಷ್ಟೇ ಇವುಗಳ ಸಂಸಾರ.

ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ತಲೆಯ ಮೇಲಿನ ಚಪ್ಪರ. ಗೋಡೆಯಿಂದ ಗೋಡೆಗೆ ದಾರ ಕಟ್ಟಿ, ಮಕ್ಕಳು ಬರೆದ ಚಿತ್ರ, ಕತ್ತರಿಸಿದ ಬಣ್ಣದ ಕಾಗದ, ಅಕ್ಷರದ ಹಾಳೆಗಳನ್ನು ಇಳಿಬಿಟ್ಟಿರುತ್ತಾರೆ. ಗೋಡೆಯ ಮೇಲೆ, ಕಲಿಯುವ ಹಂತಗಳನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂತಿರುತ್ತಾರೆ. ಒಂದು ಗುಂಪಿಗೆ ಶಿಕ್ಷಕರು ಪೂರ್ತಿ ಜೊತೆಗಿದ್ದು ಕಲಿಸಿದರೆ, ಇನ್ನೊಂದಕ್ಕೆ ಅರ್ಧ ಕೈಹಿಡಿಯುತ್ತಾರೆ. ಮತ್ತೊಂದರಲ್ಲಿ ಕಲಿತ ಮಗು ಕಲಿಯದ ಮಗುವಿಗೆ ಹೇಳಿಕೊಡುತ್ತದೆ. ಕೊನೆಯ ಗುಂಪಿನದು ಸ್ವಕಲಿಕೆ. ಇದೇ ನಲಿ-ಕಲಿ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ಪದ್ಧತಿ ಇದು. ಅಲ್ಲಿನ ಸರ್ಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ಹೊಂದುವಂತೆ ಕಲಿಕಾ ಕಾರ್ಡುಗಳನ್ನು ತಾವೇ ಕೂತು ರೂಪಿಸಿದರು. 2009-10ರ ಹೊತ್ತಿಗೆ ರಾಜ್ಯದ ಕನ್ನಡ ಸರ್ಕಾರಿ ಶಾಲೆಗಳಿಗೆಲ್ಲ ಅದು ಹಬ್ಬಿತು. ಮೇಷ್ಟರುಗಳೇ ಕಟ್ಟಿದ ಪಾಠಕ್ರಮ ಇಷ್ಟು ದೂರ ನಡೆದು ಬಂದದ್ದು ಸಣ್ಣ ಸಾಧನೆಯಲ್ಲ.

ಇಲ್ಲಿ ಅಕ್ಷರಮಾಲೆ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಈ ಐದು ಕಲಿತ ಮಗು ಅರಸ, ಅಗಸ, ಸರ, ದರ ಎಂದು ಓದಿಬಿಡುತ್ತದೆ. ಐವತ್ತು ಅಕ್ಷರ ಬಾಯಿಪಾಠವಾಗುವ ತನಕ ಕಾಯಬೇಕಿಲ್ಲ. ಮನೆಯಲ್ಲಿ ಲಂಬಾಣಿ ಆಡುವ ತಾಂಡಾದ ಮಗುವಿಗೆ ಶಾಲೆಯ ಕನ್ನಡವೇ ಹೊಸತು. ತಾನೇ ಒಂದು ಪದವನ್ನು ಬಿಡಿಸಿ ಓದಿದ ದಿನ ಆ ಮಗುವಿಗೆ ಬರುವ ಧೈರ್ಯಕ್ಕೆ ಬೆಲೆ ಕಟ್ಟಲಾಗದು.

ಈ ಸೀಮೆಗೆ ನಲಿ-ಕಲಿ ಒಗ್ಗುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಅದು ಗುಳೆ.

ಮಳೆಯನ್ನೇ ನಂಬಿದ ಹೊಲಗಳ ಮೆಕ್ಕೆಜೋಳ, ಶೇಂಗಾ ಕೈಗೆ ಬಂದರೂ ಬಾರದಿದ್ದರೂ, ಸುಗ್ಗಿ ಕಳೆದ ಮೇಲೆ ಊರಲ್ಲಿ ಕೂಲಿ ಇಲ್ಲ. ಮಂಡ್ಯದ ಕಡೆಗೆ ಕಬ್ಬು ಕಡಿಯಲು, ಚಿಕ್ಕಮಗಳೂರಿಗೆ ಕಾಫಿ ಕೊಯ್ಯಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆಂದು ಕುಟುಂಬಗಳು ಹೊರಡುತ್ತವೆ. ಅಜ್ಜಿಯ ಹತ್ತಿರ ಬಿಡಲಾಗದ ಮಕ್ಕಳು ಜೊತೆಗೇ ಹೋಗುತ್ತಾರೆ. ದಾಖಲಾತಿ ಪುಸ್ತಕದಲ್ಲಿ ಹೆಸರಿರುತ್ತದೆ, ಹಾಜರಿ ಪುಸ್ತಕದ ಅದೇ ಸಾಲಿನಲ್ಲಿ ತಿಂಗಳುಗಟ್ಟಲೆ ಗೈರು. ಹೀಗಾಗಿ ಈ ಶಾಲೆಗಳಲ್ಲಿ ಜೂನ್ ತಿಂಗಳ ದಾಖಲಾತಿ ಸಂಖ್ಯೆಗಿಂತ ಜನವರಿಯ ಹಾಜರಿಯನ್ನು ನೋಡುವುದು ಮುಖ್ಯ.

ನಲಿ-ಕಲಿ ಕೋಣೆಗೆ ಗುಳೆಯಿಂದ ಮರಳಿ ಬಂದ ಮಗು ಕಲಿಕಾ ಏಣಿಯಲ್ಲಿ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದಿನ ಮೆಟ್ಟಿಲು ಹತ್ತಬಹುದು. ಪ್ರಗತಿ ನೋಟ ಎಂಬ ದಾಖಲೆಯಲ್ಲಿ ಅದರ ಗುರುತು ಉಳಿದಿರುತ್ತದೆ. ತರಗತಿ ಮುಂದೆ ಓಡಿಹೋಗಿರುವುದಿಲ್ಲ. ತೊಡಕು ಶುರುವಾಗುವುದು ನಾಲ್ಕನೇ ತರಗತಿಯಲ್ಲಿ. ಅಲ್ಲಿ ಏಣಿ ಮುಗಿದು ಪಠ್ಯಪುಸ್ತಕ ಬರುತ್ತದೆ, ಪಾಠ ಯಾರಿಗೂ ಕಾಯುವುದಿಲ್ಲ. ಮೂರು ತಿಂಗಳು ಕಬ್ಬಿನ ಗದ್ದೆಯ ಬದುವಿನಲ್ಲಿ ತಮ್ಮನನ್ನು ಆಡಿಸಿ ಬಂದ ಹುಡುಗಿ ಭಾಗಾಕಾರದ ನಡುವೆ ಬಂದು ಕೂರುತ್ತಾಳೆ. ಐದು ಮುಗಿದ ಮೇಲೆ ಆರಕ್ಕೆ ಬೇರೆ ಊರಿನ ಹಿರಿಯ ಪ್ರಾಥಮಿಕ ಶಾಲೆಗೆ ನಡೆಯಬೇಕು. ಓದು ನಿಲ್ಲುವ ಅಪಾಯ ಹೆಚ್ಚಿರುವುದು ಈ ತಿರುವಿನಲ್ಲೇ.

ಶಾಲೆಗೆ ಮಕ್ಕಳನ್ನು ಕರೆತಂದ ಸಂಗತಿಗಳಲ್ಲಿ ಊಟ ದೊಡ್ಡದು. 2002ರ ಜೂನ್‌ನಲ್ಲಿ ಬಿಸಿಯೂಟದ ಅಕ್ಷರ ದಾಸೋಹ ಯೋಜನೆ ಮೊದಲು ಬಂದದ್ದು ಈಶಾನ್ಯ ಕರ್ನಾಟಕದ ಜಿಲ್ಲೆಗಳಿಗೆ, ಈ ಸೀಮೆಯ ಹೆಚ್ಚಿನ ಭಾಗ ಆಗ ಸೇರಿದ್ದ ಬಳ್ಳಾರಿಯೂ ಅವುಗಳಲ್ಲಿತ್ತು. 1997ರಿಂದ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿ ಮರುವರ್ಷದವರೆಗೆ ಕಾಯಬೇಕಾಯಿತು. 2013ರಲ್ಲಿ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು ಬಂತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ವಾರದ ಆರೂ ದಿನ ಮೊಟ್ಟೆ ಸಿಗುವಂತಾಯಿತು.

ಇಷ್ಟಾದರೂ ಮಕ್ಕಳ ಸಂಖ್ಯೆ ಇಳಿದಾಗಲೆಲ್ಲ ಸಣ್ಣ ಶಾಲೆಗಳನ್ನು ದೊಡ್ಡದರೊಂದಿಗೆ ವಿಲೀನ ಮಾಡುವ ಮಾತು ಏಳುತ್ತದೆ. ಫಲಿತಾಂಶದ ಶೇಕಡಾವಾರನ್ನೂ ಮುಂದಿಡುತ್ತಾರೆ. ಮೂರನೇ ತರಗತಿಯಲ್ಲಿ ನಾಲ್ಕೇ ಮಕ್ಕಳಿದ್ದು, ಒಬ್ಬ ಗುಳೆ ಹೋದ ಎಂದರೆ ಶೇ 25 ಇಳಿಕೆ! ಅಂಥ ಅಂಕಿಯಿಂದ ಶಾಲೆಯ ಗುಣ ಅಳೆಯುವುದು ನ್ಯಾಯವಲ್ಲ. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆ ಇಬ್ಬರೂ ವರ್ಷವಿಡೀ ಇದ್ದರೆ ಸಣ್ಣ ಶಾಲೆಯಲ್ಲಿ ಪ್ರತಿ ಮಗುವಿನ ಓದು, ಲೆಕ್ಕ, ಮನೆಯ ಸ್ಥಿತಿ ಎಲ್ಲವೂ ಶಿಕ್ಷಕರ ಗಮನದಲ್ಲಿರುತ್ತದೆ. ದೊಡ್ಡ ಶಾಲೆಗೆ ಇದು ಸುಲಭವಲ್ಲ.

ಅದೇ ಕಾಯ್ದೆಯಲ್ಲಿರುವ ಇನ್ನೊಂದು ಮಾತು ಗುಳೆ ಹೋಗುವವರಿಗೆ ತಲುಪಬೇಕು. ವರ್ಷದ ಯಾವ ತಿಂಗಳಲ್ಲಿ ಬಂದರೂ ಮಗುವನ್ನು ಶಾಲೆಗೆ ಸೇರಿಸಿಕೊಳ್ಳಬೇಕು, ಟಿ.ಸಿ. ತಂದಿಲ್ಲ, ವಯಸ್ಸಿನ ದಾಖಲೆ ಇಲ್ಲ ಎಂದು ವಾಪಸ್ ಕಳಿಸುವಂತಿಲ್ಲ. ನಿಮ್ಮ ಕಾಫಿ ತೋಟದ ಲೈನಿನಲ್ಲೋ, ಕಬ್ಬಿನ ಗದ್ದೆಯ ಬಳಿಯೋ, ಬೀದಿ ಕೊನೆಯ ಕಟ್ಟಡದ ಶೆಡ್ಡಿನಲ್ಲೋ ಹರಪನಹಳ್ಳಿ, ಕೂಡ್ಲಿಗಿ ಕಡೆಯ ಕುಟುಂಬವೊಂದು ಮಕ್ಕಳೊಂದಿಗೆ ಬಿಡಾರ ಹೂಡಿದ್ದರೆ, ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರಿಗೆ ದಯವಿಟ್ಟು ತಿಳಿಸಿ.