ನಿಲ್ದಾಣಕ್ಕೆ ಅಜ್ಜಿ ಹೋಗುವುದು ಹೇಗೆ?

ಅಹಮದಾಬಾದ್. ರಸ್ತೆಯ ನಟ್ಟನಡುವೆ ಒಂದು ಬಸ್ ನಿಲ್ದಾಣ. ಬಸ್ ಬಂದು ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ. ಬಸ್ಸಿನ ನೆಲ, ನಿಲ್ದಾಣದ ನೆಲ ಎರಡೂ ಒಂದೇ ಮಟ್ಟ. ಮಂಡಿನೋವಿನ ಅಜ್ಜಿಯೂ ಮೆಟ್ಟಿಲು ಹತ್ತದೆ ಸಲೀಸಾಗಿ ಒಳಗೆ ಕಾಲಿಡುತ್ತಾರೆ.

2009ರಲ್ಲಿ ಶುರುವಾದ ‘ಜನಮಾರ್ಗ್’ ಇದು; ಬಸ್ಸಿಗೇ ಮೀಸಲಾದ ಹಾದಿಯ ತ್ವರಿತ ಸಾರಿಗೆ, ಅಂದರೆ ಬಿಆರ್‌ಟಿಎಸ್. ಇದನ್ನು ರೂಪಿಸುವಾಗ ಜೊತೆಗಿದ್ದವರು ಅದೇ ಊರಿನ ಸೆಪ್ಟ್ ವಿಶ್ವವಿದ್ಯಾಲಯದ ತಜ್ಞರು.

ಎಷ್ಟು ನಿಮಿಷಕ್ಕೊಂದು ಬಸ್ ಬಿಡಬೇಕು? ಅದು ಸಾರಿಗೆ ನಿರ್ವಹಣೆಯ ಲೆಕ್ಕ. ಆದರೆ ಆ ಅಜ್ಜಿ ವಾಹನಗಳ ನಡುವೆ ರಸ್ತೆ ದಾಟಿ ನಿಲ್ದಾಣ ಸೇರುವುದು ಹೇಗೆ? ಸುತ್ತ ಮನೆಗಳೆಷ್ಟು, ಅಂಗಡಿಗಳೆಷ್ಟು, ಫುಟ್‌ಪಾತ್ ಎಷ್ಟು ಅಗಲ? ಅದು ನಗರ ಯೋಜನೆಯ ಪಾಠ. ಎರಡನ್ನೂ ಒಟ್ಟಿಗೆ ಓದಿದವರು ಬೇಕಾಗುವುದು ಇಲ್ಲೇ.

ಅಹಮದಾಬಾದಿನ ಅಭಿವೃದ್ಧಿ ಯೋಜನೆಯನ್ನೇ ನೋಡಿ. ಬಿಆರ್‌ಟಿಎಸ್, ಮೆಟ್ರೊ ಮಾರ್ಗಗಳ ಎರಡೂ ಬದಿ 200 ಮೀಟರ್‌ವರೆಗೆ ನಿವೇಶನದ ನಾಲ್ಕು ಪಟ್ಟು ವಿಸ್ತೀರ್ಣದ ಕಟ್ಟಡಕ್ಕೆ ಅವಕಾಶವಿದೆ. ಜನ ಮನೆಯಿಂದ ನಡೆದೇ ಬಂದು ಬಸ್ ಹತ್ತಲಿ ಎಂಬ ಎಣಿಕೆ.

ಸಾರಿಗೆ, ನಗರ ಯೋಜನೆಗಳ ಈ ಜೋಡಿ ಓದಿಗೆ ದೂರದೇಶಕ್ಕೇ ಹೋಗಬೇಕಿಲ್ಲ. ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ ಎರಡು ವರ್ಷದ ಮಾಸ್ಟರ್ ಆಫ್ ಪ್ಲಾನಿಂಗ್ ಇದೆ. ಅದರಲ್ಲಿ ಸಾರಿಗೆ ಯೋಜನೆಯನ್ನೇ ವಿಶೇಷವಾಗಿ ಓದಬಹುದು.

ಹುಬ್ಬಳ್ಳಿ–ಧಾರವಾಡದ ಬಿಆರ್‌ಟಿಎಸ್ ಹಾದಿ ಸುಮಾರು 22 ಕಿಲೋಮೀಟರ್. ಅಲ್ಲೂ ನಿಲ್ದಾಣಗಳು ರಸ್ತೆಯ ನಡುವೆಯೇ ಇವೆ, ಅಲ್ಲೂ ರಸ್ತೆ ದಾಟಬೇಕಾದ ಅಜ್ಜಿಯರಿದ್ದಾರೆ.